ಉಜ್ಜಪ್ಪ ಮನೆಯಲ್ಲಿ ಕೂತ ಸಂತೆ

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಅತ್ತಿಕೆರೆ ಅಂತ ಒಂದು ಊರು, ಅದೇ ಹೆಸರಿನ ಒಂದು ಕೆರೆ. ಕೆರೆಯ ಏರಿಯೇ ರಸ್ತೆ. ಮುಕ್ಕಾಲು ಮೈಲಿ ಉದ್ದ. ಎದುರಿಂದ ಬಸ್ಸು ಬಂದರೆ ಲಾರಿಯವನು ಹೊಟ್ಟೆ ಒಳಗೆಳೆದುಕೊಂಡು ದಾರಿ ಬಿಡಬೇಕು, ಅಷ್ಟೇ ಅಗಲ. ಒಂದು ಕಡೆ ನೀರು, ಇನ್ನೊಂದು ಕಡೆ ಎರಡಾಳು ಆಳದಲ್ಲಿ ಗದ್ದೆ. ಈ ಏರಿಯ ನಟ್ಟನಡುವೆ ಒಂದು ಲಾರಿ ಕೆಟ್ಟು ನಿಂತಿತೆಂದರೆ ಶಿರಾಳಕೊಪ್ಪದ ಸಂತೆಯ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿತೆಂದೇ ಅರ್ಥ.

ಆ ಮುಳ್ಳು ಕೀಳುವ ಅಧಿಕಾರ ಉಜ್ಜಪ್ಪನದು. ಬೆಳಗ್ಗೆ ಆರಕ್ಕೆ ಸರಿಯಾಗಿ ಅವನ ಸವಾರಿ ಹೊರಡುತ್ತಿತ್ತು. ಮಿಲಿಟರಿಯವರು ಸಾಕಪ್ಪಾ ಸಾಕು ಎಂದು ಹರಾಜಿಗೆ ಹಾಕಿದ ಜೀಪೊಂದನ್ನು ಅವನು ಕೊಂಡಿದ್ದ. ಅದಕ್ಕೆ ಊರವರು ಪಟ್ಟದಾನೆ ಎಂದು ಹೆಸರಿಟ್ಟಿದ್ದರು. ಆನೆಯ ಬೆನ್ನ ಮೇಲೆ ಆಯುಧಗಳು: ಎರಡು ಜಾಕು, ಒಂದು ಹಾರೆ, ಎತ್ತು ಕಟ್ಟುವ ಹಗ್ಗಕ್ಕಿಂತ ನಾಲ್ಕು ಪಟ್ಟು ದಪ್ಪದ ಹಗ್ಗ, ಸರಪಳಿ, ರೇಡಿಯೇಟರಿಗೆಂದು ಒಂದು ಡ್ರಮ್ಮು ನೀರು, ಪಂಚರಿನ ಸಾಮಾನು, ಮೂರು ಬಗೆಯ ಫ್ಯಾನ್ ಬೆಲ್ಟು. ಸಾರಥಿಯೂ ಅವನೇ, ಸೇನಾಪತಿಯೂ ಅವನೇ, ಕಾಲಾಳೂ ಅವನೇ. ಕಾಲಾಳಿನ ಬಲಗಾಲು ಮಾತ್ರ ಸ್ವಲ್ಪ ಕುಂಟು.

ಕುಂಟಿಗೊಂದು ಕಥೆಯಿದೆ. ಉಜ್ಜಪ್ಪನ ಅಪ್ಪ ಅತ್ತಿಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದವನು. ಏರಿಯಲ್ಲಿ ಎಲ್ಲಿ ಇಲಿಬಿಲವಿದೆ, ಎಲ್ಲಿ ಮಣ್ಣು ಟೊಳ್ಳು, ಎಲ್ಲವೂ ಅವನ ಅಂಗಾಲಿಗೆ ಗೊತ್ತಿತ್ತು. ಮಗ ಏಳನೇ ಕ್ಲಾಸಿಗೆ ಪುಸ್ತಕ ಮಡಚಿಟ್ಟು ಲಾರಿಯಲ್ಲಿ ಕ್ಲೀನರ್ ಆಗಿ, ಡ್ರೈವರ್ ಆಗಿ, ಹನ್ನೊಂದು ವರ್ಷ ಹುಬ್ಬಳ್ಳಿ–ಮಂಗಳೂರು ಎಂದು ತಿರುಗಿದ. ಒಂದು ದಿನ ಜಾಕು ಜಾರಿ ಗಾಲಿ ಮಂಡಿಯ ಮೇಲೆ ಕೂತಿತು. ಊರಿಗೆ ವಾಪಸು ಬಂದು ಶಿರಾಳಕೊಪ್ಪದ ಒಂದು ಗ್ಯಾರೇಜಿನಲ್ಲಿ ಲಾರಿಗಳ ಕೆಳಗೆ ಮಲಗುವ ಕೆಲಸ ಹಿಡಿದ. ಮಲಗಿ ಎದ್ದಾಗಲೆಲ್ಲ ಮಂಡಿ ಕೂಗಿಕೊಳ್ಳುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ತೊಂಬತ್ನಾಲ್ಕನೇ ಇಸವಿಯಲ್ಲಿ ಆ ಪ್ರಸಿದ್ಧ ಸಂತೆ ಬಂತು. ಇಟ್ಟಿಗೆ ತುಂಬಿದ ಲಾರಿಯ ಆಕ್ಸಲ್ ಏರಿಯ ಮೇಲೆ ಮುರಿದು ಒಂಬತ್ತು ಗಂಟೆ ರಸ್ತೆ ಬಂದಾಯಿತು. ಒಂದು ಮದುವೆ ದಿಬ್ಬಣ ಕೆರೆಯ ದಂಡೆಯಲ್ಲೇ ಲಾಡು ಹಂಚಿ ತಿಂದಿತು. ಹೂಕೋಸು ಹಳದಿಯಾಯಿತು. ಸಂಜೆ ನಾಲ್ಕಕ್ಕೆ ಸಂತೆ ಮುಟ್ಟಿದ ರೈತರು ಕೊಳ್ಳುವವರಿಲ್ಲದೆ ತರಕಾರಿಯನ್ನು ದನಗಳಿಗೆ ಹಾಕಿ ಹೋದರು. ಮರುದಿನವೇ ಶಿರಾಳಕೊಪ್ಪದ ವರ್ತಕರ ಸಂಘ ಸೇರಿತು. ಒಣಮೆಣಸಿನಕಾಯಿ ಮಂಡಿಯ ಸದಾಶಿವಪ್ಪ ಸಂಘದ ಅಧ್ಯಕ್ಷರು. ಅವರು ಉಜ್ಜಪ್ಪನನ್ನು ಕರೆಸಿ, ದಿನಾ ಬೆಳಗ್ಗೆ ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಗಡಿಯವರೆಗೂ ಒಂದು ಸುತ್ತು ಹಾಕಬೇಕು, ಸಂತೆಯ ದಿನ ಮಧ್ಯಾಹ್ನದವರೆಗೂ ರಸ್ತೆಯಲ್ಲೇ ಇರಬೇಕು, ತಿಂಗಳಿಗೆ ಆರುನೂರು ರೂಪಾಯಿ, ಪೆಟ್ರೋಲು ಬೇರೆ ಎಂದರು. ಉಜ್ಜಪ್ಪ ಮಂಡಿ ನೀವಿಕೊಂಡು ಒಪ್ಪಿದ. ಅಪ್ಪ ಕಾದದ್ದು ನೀರಿನ ದಾರಿ, ಮಗನಿಗೆ ಸಿಕ್ಕಿದ್ದು ಲಾರಿಯ ದಾರಿ.

ಎರಡು ವರ್ಷ ಏರಿಯ ಮೇಲೆ ರಾಮರಾಜ್ಯ. ಉಜ್ಜಪ್ಪ ಕೆಟ್ಟ ಗಾಡಿಯನ್ನು ರಿಪೇರಿ ಮಾಡುವುದಕ್ಕಿಂತ ಹೆಚ್ಚಾಗಿ ಗಾಡಿ ಕೆಡದ ಹಾಗೆ ನೋಡಿಕೊಳ್ಳುತ್ತಿದ್ದ. ಏರಿ ಹತ್ತುವ ಮುಂಚೆಯೇ ಲಾರಿಗೆ ಕೈ ಅಡ್ಡ ಹಾಕಿ, ಬಾನೆಟ್ಟಿನ ಹತ್ತಿರ ಮೂಗು ಒಡ್ಡಿ ವಾಸನೆ ಹಿಡಿದು, ಗಾಲಿಗೆ ಒದ್ದು ಸದ್ದು ಕೇಳಿ, 'ಇಲ್ಲೇ ಅರ್ಧ ಗಂಟೆ ನಿಂದ್ರಸು, ಮೇಲೆ ಹೋದ್ರೆ ಮಲಗ್ತಾಳೆ' ಎನ್ನುತ್ತಿದ್ದ. ಎಲ್ಲ ಲಾರಿಗಳೂ ಅವನಿಗೆ ಹೆಂಗಸರೇ. ನಿಲ್ಲಿಸಿದ ಡ್ರೈವರುಗಳು ಬೈದುಕೊಳ್ಳುತ್ತಿದ್ದರು, ನಿಲ್ಲಿಸದವರು ಮೇಲೆ ಹೋಗಿ ನಿಂತು ಅವನನ್ನೇ ಕೂಗುತ್ತಿದ್ದರು.

ಇದರ ಲಾಭ ಸರಿಯಾಗಿ ಗೊತ್ತಿದ್ದದ್ದು ತುಂಗಮ್ಮನಿಗೆ. ಆಕೆ ಶಿಕಾರಿಪುರದ ಕಡೆಯಿಂದ ಬುಟ್ಟಿಯಲ್ಲಿ ವೀಳ್ಯದೆಲೆ ಹೊತ್ತು ಮೊದಲ ಬಸ್ಸಿಗೆ ಸಂತೆಗೆ ಬರುವವಳು. 'ಎಂಟಕ್ಕೆ ಕೂತ್ರೆ ಎಲೆ ನಾನು ಹೇಳಿದ ರೇಟು, ಉಜ್ಜಪ್ಪಣ್ಣ. ಹತ್ತಕ್ಕೆ ಕೂತ್ರೆ ತಗೊಳ್ಳೋರು ಹೇಳಿದ ರೇಟು. ಹನ್ನೆರಡಾದ್ರೆ ಆಡು ಹೇಳಿದ ರೇಟು' ಎನ್ನುತ್ತಿದ್ದಳು. ಆದರೆ ತುಂಗಮ್ಮ ಸಂಘದ ಸದಸ್ಯೆಯಲ್ಲ. ಅವಳ ಮಾತು ಸಂಘದ ಸಭೆ ನಡೆಯುವ ಮಾಳಿಗೆ ಹತ್ತಿದ್ದೇ ಇಲ್ಲ.

ತೊಂಬತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದ. ಹೆಸರು ಮಹಾಂತೇಶ್. ಬಟ್ಟೆ ಅಂಗಡಿಯವರ ಮಗ, ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದವನು, ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಕ್ಯಾಲ್ಕುಲೇಟರ್. ಕೆಟ್ಟವನಲ್ಲ, ಲೆಕ್ಕದವನು. ಸಂಘದ ಹಣ ಎಲ್ಲೆಲ್ಲಿ ಸೋರುತ್ತದೆ ಎಂದು ಹುಡುಕುತ್ತ ಹೊರಟು ಮೊದಲು ಎಡವಿದ್ದು ಉಜ್ಜಪ್ಪನ ಆರುನೂರಕ್ಕೆ.

"ಉಜ್ಜಪ್ಪನವ್ರೇ, ನೀವು ಕೆಲಸ ಮಾಡ್ತೀರಿ ಅನ್ನೋದಕ್ಕೆ ದಾಖಲೆ ಏನೈತೆ?" ಎಂದು ಕೇಳಿದ.

"ಗಾಡಿ ಓಡಾಡ್ತಾ ಅದಾವಲ್ರೀ ಸೆಕ್ರೆಟ್ರಿ ಸಾಹೇಬ್ರೆ."

"ಅದು ದಾಖಲೆ ಅಲ್ಲ. ಈ ಪುಸ್ತಕ ತಗೊಳ್ಳಿ. ನೀವು ಸಹಾಯ ಮಾಡಿದ ಪ್ರತಿಯೊಬ್ಬ ಡ್ರೈವರ್ ಇದರಲ್ಲಿ ಹೆಸರು ಬರೆದು ಸಹಿ ಮಾಡ್ಬೇಕು. ಮೂರು ತಿಂಗಳು ನೋಡೋಣ."

ಹೀಗೆ ಆ ನೀಲಿ ರಟ್ಟಿನ ಪುಸ್ತಕ ಪಟ್ಟದಾನೆಯ ಬೆನ್ನೇರಿತು. ಜಾಕಿಗೆ ಬಗ್ಗದ ಲಾರಿಯನ್ನು ಉಜ್ಜಪ್ಪ ಹಾರೆ ಹಾಕಿ ಬಗ್ಗಿಸಿದ್ದುಂಟು. ಪುಸ್ತಕಕ್ಕೆ ಬಗ್ಗುವ ಡ್ರೈವರ್ ಮಾತ್ರ ಸಿಗಲಿಲ್ಲ. ಸಹಿ ಎಂದ ಕೂಡಲೇ ಅವರಿಗೆ ಪೊಲೀಸು, ಕೋರ್ಟು, ಆರ್‌ಟಿಓ ಕಣ್ಣ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಗಾಡಿ ಕೆಟ್ಟಿತ್ತೆಂದು ಓನರಿಗೆ ಗೊತ್ತಾದರೆ ದಿನದ ಭತ್ಯೆ ಮುರಿದುಕೊಳ್ಳುತ್ತಾನೆ ಎಂಬ ಭಯ ಬೇರೆ. ಮೊದಲ ವಾರ ಒಬ್ಬನೇ ಒಬ್ಬ ಪುಣ್ಯಾತ್ಮ, ಆನವಟ್ಟಿ ಕಡೆಯ ಆನಂದಪ್ಪ ಎಂಬ ಡ್ರೈವರ್, ತನ್ನ ಹೆಸರನ್ನು ದುಂಡಗೆ ಬರೆದು ಸಹಿ ಮಾಡಿದ.

ಎರಡನೆಯವನು ಪುಸ್ತಕ ತೆರೆದು ಆ ಹೆಸರು ನೋಡಿದ. "ಇವನಿಗೆ ಏನಾದ್ರೂ ಆಯ್ತಾ?" ಎಂದ.

"ಏನಾಗ್ತದೆ? ಆರಾಮಿದಾನೆ."

"ಪೊಲೀಸ್ರು ಬಂದಿಲ್ವಾ?"

"ಇಲ್ಲ ಮಾರಾಯ."

"ಹಂಗಾದ್ರೆ ಇದು ಒಳ್ಳೆ ಹೆಸರು" ಎಂದು ಅವನೂ ಆನಂದಪ್ಪ ಎಂದೇ ಬರೆದ. ಮೂರನೆಯವನು ಎರಡು ಆನಂದಪ್ಪ ಕಂಡು ಧೈರ್ಯ ತಂದುಕೊಂಡ. ಆಮೇಲೆ ಕೇಳುವುದೇ ಬೇಡ. ಕೊಯಮತ್ತೂರಿನ ಡ್ರೈವರ್ ತಮಿಳಿನಲ್ಲಿ ಆನಂದಪ್ಪ ಎಂದು ಬರೆದ. ಹುಬ್ಬಳ್ಳಿಯ ಒಬ್ಬ ಸಾಹೇಬರು ಅದೇ ಹೆಸರನ್ನು ಉರ್ದುವಿನಲ್ಲಿ ಬರೆದರು. ಓದು ಬರದ ಒಬ್ಬ, 'ಆ ಹೆಸರಿಗೇ ಹಾಕ್ಕೋ' ಎಂದು ಹೆಬ್ಬೆಟ್ಟು ಒತ್ತಿದ. ಉಜ್ಜಪ್ಪ ಎಷ್ಟು ಬೇಡಿಕೊಂಡರೂ ಅವರು ಆ ಹೆಸರಿನ ಕೊಡೆ ಬಿಟ್ಟು ಹೊರಗೆ ಬರಲಿಲ್ಲ. ತಾನೇ ಬೇರೆ ಬೇರೆ ಹೆಸರು ಬರೆದುಕೊಳ್ಳಬಹುದಿತ್ತು. ಸುಳ್ಳು ಬರೆಯುವುದು ಹೇಗೆಂದು ಅವನಿಗೆ ಹೊಳೆಯಲೇ ಇಲ್ಲ. ಮೂರು ತಿಂಗಳಾದಾಗ ಪುಸ್ತಕದಲ್ಲಿ ನಲವತ್ತೊಂದು ಆನಂದಪ್ಪಂದಿರಿದ್ದರು.

ಡಿಸೆಂಬರಿನಲ್ಲಿ ಸಂಘದ ಸಭೆ. ಸದಾಶಿವಪ್ಪನವರ ಅಂಗಡಿಯ ಮಾಳಿಗೆಯ ಮೇಲೆ ಜಮಖಾನ ಹಾಸಿ ಇಪ್ಪತ್ತೈದು ಜನ ವರ್ತಕರು ಕೂತಿದ್ದರು. ಉಜ್ಜಪ್ಪ ಬಾಗಿಲ ಹತ್ತಿರ, ಮಂಡಿ ಚಾಚಿಕೊಂಡು. ಮಹಾಂತೇಶ್ ಪುಸ್ತಕ ತೆರೆದು ಓದಿದ. ಒಂದು ಪುಟ ಓದಿದ. ಎರಡನೇ ಪುಟಕ್ಕೆ ಅವನ ದನಿ ತೆಳ್ಳಗಾಯಿತು.

"ಈ ಆನಂದಪ್ಪ ಯಾರು?"

"ಆನವಟ್ಟಿ ಕಡೆ ಡ್ರೈವರು ರೀ."

"ಮೂರು ತಿಂಗಳಲ್ಲಿ ನಲವತ್ತೊಂದು ಸಲ ಕೆಟ್ಟು ನಿಂತಾನಾ?"

"ಇಲ್ಲ ರೀ, ಒಂದೇ ಸಲ. ಉಳಿದ ನಲವತ್ತು ಬ್ಯಾರೆಯವ್ರು."

"ಅವರ ಹೆಸರೇನು?"

"ಆನಂದಪ್ಪ ರೀ."

ಮಾಳಿಗೆ ಹಾರಿಹೋಗುವಷ್ಟು ನಗು. ಈರುಳ್ಳಿ ವ್ಯಾಪಾರಿಯೊಬ್ಬರು ಕಣ್ಣೊರೆಸಿಕೊಳ್ಳುತ್ತ, "ಆ ಲಾರಿನ ಮೊದ್ಲು ಗುಜರಿಗೆ ಹಾಕಿಸ್ರೋ ಮಾರಾಯ" ಎಂದರು. ಸದಾಶಿವಪ್ಪನವರೂ ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡರು. ನಗದವರು ಇಬ್ಬರೇ, ಮಹಾಂತೇಶ್ ಮತ್ತು ಉಜ್ಜಪ್ಪ.

"ನಗೋ ವಿಷಯ ಅಲ್ರೀ ಇದು" ಎಂದ ಮಹಾಂತೇಶ್. "ಪುಸ್ತಕ ಹಾಳಾಗಿ ಹೋಗ್ಲಿ. ನಾನು ಬೇರೆ ಕೇಳ್ತೀನಿ. ಉಜ್ಜಪ್ಪನವ್ರೇ, ಈ ಒಂದು ವರ್ಷದಲ್ಲಿ ಏರಿ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ರಸ್ತೆ ಬಂದಾಗಿದ್ದುಂಟಾ?"

"ಒಂದು ಸಲಾನೂ ಇಲ್ಲ ರೀ" ಎಂದ ಉಜ್ಜಪ್ಪ. ಮೊದಲ ಬಾರಿಗೆ ಎದೆ ಸ್ವಲ್ಪ ಉಬ್ಬಿತು.

"ಬಂದಾಗೋದೇ ಇಲ್ಲ ಅಂದ್ಮೇಲೆ ಬಿಡಿಸೋಕೆ ಒಬ್ಬರು ಯಾಕೆ?"

ಉಬ್ಬಿದ್ದು ಇಳಿಯಿತು. "ಬಂದಾಗದಂಗೆ ನೋಡ್ಕೊಳ್ಳೋದೇ ಕೆಲಸ ರೀ."

"ಹಂಗಾದ್ರೆ ಆಗದೇ ಇದ್ದಿದ್ದನ್ನ ತೋರಿಸಿ."

"ಆಗದೇ ಇದ್ದಿದ್ದನ್ನ ಹೆಂಗೆ ತೋರಿಸ್ಲಿ ಸಾಹೇಬ್ರೆ?"

ಸದಾಶಿವಪ್ಪನವರು, "ಇನ್ನೊಂದು ಸಂತೆ ಕಳೀಲಿ, ಮುಂದಿನ ಸಭೇಲಿ ಇದನ್ನ ತೀರ್ಮಾನ ಮಾಡಿಬಿಡೋಣ" ಎಂದರು. ಅವರ ದನಿ ಕೇಳಿದವರಿಗೆ ತೀರ್ಮಾನ ಆಗಲೇ ಆಗಿಹೋಗಿದೆ ಎಂದು ಗೊತ್ತಾಗುವಂತಿತ್ತು.

ಉಜ್ಜಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಆರುನೂರು ನಿಂತರೆ ಜೀಪು ಮಾರಬೇಕು, ಅದರ ಹೊಟ್ಟೆಗೆ ಪೆಟ್ರೋಲು ಹಾಕುವ ಶಕ್ತಿ ಅವನದಲ್ಲ. ಜೀಪು ಹೋದರೆ ಮತ್ತೆ ಗ್ಯಾರೇಜು, ಮತ್ತೆ ಲಾರಿಯ ಅಡಿ, ಮತ್ತೆ ಮಂಡಿಯ ಕೂಗು. ಅದೆಲ್ಲಕ್ಕಿಂತ ದೊಡ್ಡ ಸಂಕಟ ಏರಿಯದು. ಇನ್ನು ಮೇಲೆ ಅದಕ್ಕೆ ದಿಕ್ಕು ಯಾರು? ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲದ ಸಂಕಟ. ಹೇಳಿದರೆ ಅದಕ್ಕೂ ದಾಖಲೆ ಕೇಳುತ್ತಾರೆ.

ಹೆಂಡತಿ ರಾಜೇಶ್ವರಮ್ಮ ಎಲ್ಲ ಕೇಳಿಸಿಕೊಂಡಳು. ಆನಂದಪ್ಪನ ವಿಷಯ ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿ ಅವಳೂ ನಕ್ಕಳು, ಆಮೇಲೆ ಗಂಡನ ಮುಖ ನೋಡಿ ನಿಲ್ಲಿಸಿದಳು.

"ಆಗದೇ ಇದ್ದಿದ್ದು ತೋರಿಸ್ಬೇಕಂತಾ? ಅದಕ್ಕೇನ್ರೀ, ಆಗಾಕೆ ಬಿಡ್ರಿ" ಎಂದಳು.

"ಏನು?"

"ಬರೋ ಸಂತೆ ದಿನ ಮನೇಲಿ ಕೂತ್ಕೊಳ್ರಿ. ಮಧ್ಯಾಹ್ನದ ತನಕ ಏರಿ ಕಡೆ ತಲೆ ಹಾಕಬ್ಯಾಡ್ರಿ. ಸಾವ್ಕಾರ್ರಿಗೆ ತಾನೇ ಗೊತ್ತಾಗ್ತದೆ, ಯಾರ ಬೆನ್ನ ಮೇಲೆ ಸಂತೆ ನಡೀತಿತ್ತು ಅಂತ."

"ಜನಕ್ಕೆ ತೊಂದ್ರೆ ಆಗ್ತದಲ್ಲೇ."

"ಒಂದು ದಿನ ತೊಂದ್ರೆ ಆಗ್ಲಿ. ನಮಗೆ ವರ್ಷಗಟ್ಲೆ ತೊಂದ್ರೆ ಆಗೋದು ಕಾಣ್ತಿಲ್ವಾ?"

ಹೆಂಡತಿಯ ಯುದ್ಧನೀತಿ ತನ್ನದಕ್ಕಿಂತ ಹರಿತವೆಂದು ಅವನು ಮದುವೆಯಾದ ವಾರದಲ್ಲೇ ಒಪ್ಪಿಕೊಂಡಿದ್ದ.

ಸಂತೆಯ ದಿನ ಬಂತು. ಆರು ಹೊಡೆಯಿತು. ಪಟ್ಟದಾನೆ ಅಂಗಳದಲ್ಲಿ ಮಂಜು ಮೆತ್ತಿಕೊಂಡು ನಿಂತಿತ್ತು. ಸೇನಾಪತಿ ಒಳಗೆ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಕೈಗೆ ಕೆಲಸವಿದ್ದರೆ ಕಾಲು ಸುಮ್ಮನಿರುತ್ತದೆಂದು ರಾಜೇಶ್ವರಮ್ಮ ಒಂದು ಬುಟ್ಟಿ ಕಾಯಿ ಮುಂದೆ ಸುರಿದಿದ್ದಳು.

ಮನೆ ಏರಿಯ ಈಚೆ, ಶಿಕಾರಿಪುರದ ಕಡೆಯ ತುದಿಯಲ್ಲಿ. ಅಲ್ಲಿಯ ಸದ್ದೆಲ್ಲ ಕಿಟಕಿಯಲ್ಲೇ ಬರುತ್ತಿತ್ತು. ಏಳಕ್ಕೆ ಹತ್ತು ನಿಮಿಷವಿರುವಾಗ ಒಂದು ಲಾರಿ ಏರಿ ಹತ್ತಿತು. ಉಜ್ಜಪ್ಪನ ಕೈ ನಿಂತಿತು. ಲಾರಿಯ ಹಿಂಗಾಲಿಯಲ್ಲಿ ಏನೋ ಕಟಕಟ. ತಾನಿದ್ದಿದ್ದರೆ ಕೆಳಗೇ ನಿಲ್ಲಿಸುತ್ತಿದ್ದ. ಕಟಕಟ ಸ್ವಲ್ಪ ದೂರ ಹೋಯಿತು. ದಡಕ್ ಎಂದಿತು. ಆಮೇಲೆ ಸದ್ದಿಲ್ಲ.

ಐದು ನಿಮಿಷಕ್ಕೆ ಒಂದು ಹಾರನ್ನು. ಹತ್ತು ನಿಮಿಷಕ್ಕೆ ಆರು ಹಾರನ್ನು. ಏಳೂಕಾಲಿಗೆ ಕೆರೆಯ ಎರಡೂ ದಂಡೆಯಿಂದ ಬಸ್ಸು, ಲಾರಿ, ಟ್ರ್ಯಾಕ್ಟರು, ಟೆಂಪೋ ಸೇರಿ ದೊಡ್ಡ ಮೇಳವೇ ಶುರುವಾಯಿತು.

"ಬಂತು ನೋಡ್ರಿ ದಾಖಲೆ" ಎಂದಳು ರಾಜೇಶ್ವರಮ್ಮ.

ಉಜ್ಜಪ್ಪ ಸಿಪ್ಪೆಯನ್ನು ಪಾತ್ರೆಗೆ ಹಾಕಿ ಕಾಳನ್ನು ನೆಲಕ್ಕೆ ಚೆಲ್ಲುತ್ತಿದ್ದ. ಒಂದೊಂದು ಹಾರನ್ನನ್ನೂ ಅವನ ಕಿವಿ ಗುರುತಿಸುತ್ತಿತ್ತು. ಇದು ಸೊರಬದ ಬಸ್ಸು. ಇದು ಕೋಳಿ ಗಾಡಿ. ಈ ಕೀರಲು ದನಿಯದು ಶಿಕಾರಿಪುರದ ಮೊದಲ ಬಸ್ಸು, ತುಂಗಮ್ಮ ಅದರಲ್ಲೇ ಇರುತ್ತಾಳೆ. ಚಳಿಗಾಲದ ಬೆಳಗ್ಗೆ ಅವನ ಕುತ್ತಿಗೆಯಲ್ಲಿ ಬೆವರು. ಗೆಲ್ಲುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಕಿಟಕಿಯ ಕಡೆಗೆ ಇನ್ನಷ್ಟು ಸರಿದು ಕೂತ.

ಏಳೂವರೆ ದಾಟಿ ಐದು ನಿಮಿಷಕ್ಕೆ ಬಾಗಿಲಲ್ಲಿ ನೆರಳು ಬಿತ್ತು. ತಲೆಯ ಮೇಲೆ ಎಲೆಯ ಬುಟ್ಟಿ ಹೊತ್ತ ತುಂಗಮ್ಮ.

"ಉಜ್ಜಪ್ಪಣ್ಣ, ಏನಾಯ್ತೋ? ಜ್ವರನಾ?"

ಉಜ್ಜಪ್ಪ ಅವರೆಕಾಯಿ ನೋಡಿದ, ಹೆಂಡತಿಯ ಮುಖ ನೋಡಿದ. "ಮೈ ಬೆಚ್ಚಗೈತೆ ತುಂಗಕ್ಕ" ಎಂದ. ಅವನು ಆ ಮೂರು ತಿಂಗಳಲ್ಲಿ ಆಡಿದ ಒಂದೇ ಒಂದು ಸುಳ್ಳು ಅದು.

"ಅಯ್ಯೋ. ಹೇಳಿಲ್ವಾ ನಾನು, ಜ್ವರ ಇಲ್ದೆ ಉಜ್ಜಪ್ಪಣ್ಣ ಬರದೇ ಇರಲ್ಲ ಅಂತ. ಬಸ್ಸಲ್ಲಿ ಎಲ್ರೂ ನಿನ್ನನ್ನೇ ಕೇಳ್ತಿದ್ರು" ಎಂದು ಒಂದು ಹಿಡಿ ಎಲೆ ತೆಗೆದು ರಾಜೇಶ್ವರಮ್ಮನ ಕೈಗೆ ಕೊಟ್ಟಳು. "ಇದಕ್ಕೆ ಮೆಣಸು ಹಾಕಿ ಕಷಾಯ ಮಾಡಿಕೊಡವ್ವ. ಲಾರಿ ಎದ್ರೆ ಎದ್ದೀತು ಅಂತ ಇಷ್ಟು ಹೊತ್ತು ಕಾದೆ. ಇನ್ನು ಆ ಹತ್ತಿ ತುಂಬಿದ ಲಾರಿ ದಾಟ್ಕೊಂಡು ನಡ್ಕೊಂಡೇ ಹೋಗ್ತೀನಿ. ನಿನ್ನ ನೋಡಿ ಹೋಗೋಣ ಅಂತ ಬಂದೆ. ನೀನು ಏಳ್ಬ್ಯಾಡ. ಅವರೇ ಏನೋ ಮಾಡ್ತಿದಾರೆ. ಲಾರಿನ ಪಕ್ಕಕ್ಕೆ ತಳ್ಳಿ ಬಸ್ಸು ಬಿಡಿಸ್ತಾರಂತೆ."

"ಯಾವ ಪಕ್ಕಕ್ಕೆ?"

"ನೀರಿನ ಪಕ್ಕಕ್ಕೆ. ಹಳೇ ತೂಬಿನ ಹತ್ರ."

ಅವರೆಕಾಯಿ ಬುಟ್ಟಿ ಉರುಳಿತು. ಹಳೆಯ ತೂಬಿನ ಮೇಲಿನ ಅಂಚು ಒಳಗೆ ಟೊಳ್ಳು. ಅಪ್ಪ ಸಾಯುವವರೆಗೂ ಅಲ್ಲಿ ಎತ್ತಿನ ಗಾಡಿ ನಿಲ್ಲಿಸಲೂ ಬಿಡುತ್ತಿರಲಿಲ್ಲ. ಹತ್ತಿ ತುಂಬಿದ ಲಾರಿಯ ಗಾಲಿ ಅಲ್ಲಿಗೆ ಇಳಿದರೆ ಲಾರಿ, ಲಾರಿಯನ್ನು ತಳ್ಳುತ್ತಿರುವ ಜನ, ಎಲ್ಲ ಕೆರೆಗೆ.

"ರೀ, ಕೂತ್ಕೊಳ್ರಿ" ಎಂದಳು ರಾಜೇಶ್ವರಮ್ಮ ಅಭ್ಯಾಸದಿಂದ.

"ಅಂಚು ಕುಸಿತದೆ ಕಣೇ! ಜನ ಅದಾರೆ!"

ಅವಳು ಗೂಡಿನಿಂದ ಜೀಪಿನ ಕೀಲಿ ತೆಗೆದು ಗಂಡನ ಕೈಗೆ ತುರುಕಿದಳು. "ನಿಂತೇ ಇದೀರಲ್ರೀ ಇನ್ನೂ!"

ಹತ್ತಿ ಲಾರಿಯ ಸುತ್ತ ಮೂವತ್ತು ಜನ ಭುಜ ಕೊಟ್ಟು ಐಸಾ ಎನ್ನುತ್ತಿದ್ದರು. ಕುಂಟುತ್ತ, ಕೂಗುತ್ತ, ಕೈಯಲ್ಲಿ ಹಾರೆ ತಿರುಗಿಸುತ್ತ ಬಂದ ಉಜ್ಜಪ್ಪನನ್ನು ಕಂಡು ಭುಜಗಳೆಲ್ಲ ತಾವಾಗಿ ಕೆಳಗಿಳಿದವು. ಅವನು ಏನೂ ವಿವರಿಸಲಿಲ್ಲ. ನೀರಿನ ಅಂಚಿಗೆ ಹೋಗಿ ಹಾರೆಯನ್ನು ಎತ್ತಿ ಒಂದೇ ಏಟು ಹಾಕಿದ. ಹಾರೆ ಮೊಳದುದ್ದ ಒಳಗೆ ಹೋಯಿತು, ಕೈ ಬಿಟ್ಟರೂ ನಿಂತುಕೊಂಡಿತು. ತಳ್ಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ರಸ್ತೆಯ ನಡುವಿಗೆ ಸರಿದರು.

ಲಾರಿಯ ಹಿಂಗಾಲಿಯ ನಟ್ಟುಗಳು ಉದುರಿ ಗಾಲಿ ಓರೆಯಾಗಿತ್ತು. ಎರಡು ಜಾಕು ಕೊಟ್ಟು ಎತ್ತಿ, ಗಾಲಿಯನ್ನು ನೇರ ಮಾಡಿ, ಉಳಿದ ಗಾಲಿಗಳಿಂದ ಒಂದೊಂದು ನಟ್ಟು ಸಾಲ ಪಡೆದು ಇದಕ್ಕೆ ಬಿಗಿದ. ಎತ್ತುಗಾಡಿಯ ವೇಗದಲ್ಲಿ ಏರಿ ಇಳಿಸಿಬಿಡು ಎಂದು ಡ್ರೈವರಿಗೆ ಹೇಳಿದ. ಎಂಟೂ ಇಪ್ಪತ್ತಕ್ಕೆ ಏರಿ ಖಾಲಿ. ಬಸ್ಸುಗಳು ಹೊರಟವು, ಜನ ಕಿಟಕಿಯಿಂದ ಕೈ ಬೀಸಿದರು. ಉಜ್ಜಪ್ಪ ರಸ್ತೆಯ ನಡುವೆ ಒಬ್ಬನೇ ನಿಂತು, ತನ್ನ ದಾಖಲೆಯನ್ನು ತಾನೇ ಒರೆಸಿಹಾಕಿದ್ದನ್ನು ನೋಡಿದ. ಮಧ್ಯಾಹ್ನದವರೆಗೂ ಬಂದಾಗಿರಬೇಕಿದ್ದ ರಸ್ತೆ ಒಂದೂವರೆ ಗಂಟೆಗೇ ತೆರೆದಿತ್ತು.

ಮುಂದಿನ ವಾರದ ಸಭೆಯಲ್ಲಿ ಮಹಾಂತೇಶ್ ಎದ್ದು ನಿಂತ.

"ಹೋದ ಸಂತೆ ದಿನ ಉಜ್ಜಪ್ಪನವ್ರು ರಸ್ತೆಗೆ ಬಂದೇ ಇರ್ಲಿಲ್ಲ. ಶಿರಾಳಕೊಪ್ಪದಲ್ಲಿ ಅವರ ಜೀಪು ಯಾರ ಕಣ್ಣಿಗೂ ಬಿದ್ದಿಲ್ಲ, ನಾನು ವಿಚಾರಿಸೀನಿ. ಒಂದು ಲಾರಿ ನಿಂತಿತ್ತು, ತಾನೇ ಹೋಯ್ತು. ಸಂತೇನೂ ನಡೀತು. ಅಂದ್ಮೇಲೆ ಈ ಖರ್ಚು ಬೇಡ ಅಂತ ನನ್ನ ಅಭಿಪ್ರಾಯ."

ಉಜ್ಜಪ್ಪನಿಗೆ ಎರಡೂ ಕಡೆ ನೀರು ಕಂಡಿತು. ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ಬಿಡಿಸಿದ್ದು ನಾನೇ ಎಂದರೆ, ಅಲ್ಲಿಯವರೆಗೆ ಎಲ್ಲಿದ್ದೆ ಎನ್ನುತ್ತಾರೆ. ಜ್ವರ ಎನ್ನಬಹುದಿತ್ತು, ತುಂಗಮ್ಮ ಸಾಕ್ಷಿಗೂ ಇದ್ದಳು. ಆದರೆ ಆ ಎಲೆಯ ಕಷಾಯ ಕುಡಿದ ನಾಲಿಗೆಯಲ್ಲಿ ಇನ್ನೊಮ್ಮೆ ಅದೇ ಸುಳ್ಳು ಹೊರಳಲಿಲ್ಲ.

"ಲಾರಿ ತಾನೇ ಹೋಗ್ಲಿಲ್ಲ ರೀ. ನಾನು ಕಳ್ಸಿದ್ದು" ಎಂದ. "ಏಳಕ್ಕೆ ಮುಂಚೆ ನಿಂತಿತ್ತು. ನಾನು ಮನೇಲಿದ್ದೆ. ಬೇಕಂತ್ಲೇ ಕೂತಿದ್ದೆ. ನಾನಿಲ್ದಿದ್ರೆ ಏನಾಗ್ತದೆ ಅಂತ ನಿಮಗೆ ಗೊತ್ತಾಗ್ಲಿ ಅಂತ. ಕೂರಾಕಾಗ್ಲಿಲ್ಲ, ಹೋಗಿ ಬಿಡಿಸ್ದೆ. ಒಂದೂವರೆ ಗಂಟೆ ನಿಂತಿತ್ತು ರಸ್ತೆ."

ಈರುಳ್ಳಿ ವ್ಯಾಪಾರಿ ಮೆಲ್ಲಗೆ, "ಓಹೋ, ಅದಕ್ಕೇನಾ?" ಎಂದರು. "ಅವತ್ತು ಬೆಳಗ್ಗಿಂದ ಮೂವತ್ತು ಜನ ಹಮಾಲರು ಬೀಡಿ ಸೇದ್ಕೊಂಡು ಕೂತಿದ್ರು, ಕೂಲಿ ಕೊಟ್ಟು ಸತ್ತೆ. ಮನೆಯಿಂದ ಹೊರಡುವಾಗ ಬೆಕ್ಕು ಅಡ್ಡ ಬಂದಿತ್ತು, ಅದನ್ನ ಬೈದೆ."

"ನನ್ನ ಹತ್ತೊಂಬತ್ತು ಕೋಳಿ ಗಾಡೀಲೇ ಸತ್ವಲ್ರೀ" ಎಂದರು ಇನ್ನೊಬ್ಬರು. "ರೋಗ ಬಂತು ಅಂದ್ಕೊಂಡು ಔಷಧಿ ಬೇರೆ ತಂದೆ."

ಮಹಾಂತೇಶನ ಅಪ್ಪ ಮೂಲೆಯಿಂದ ಹೇಳಿದರು: "ಹಳ್ಳಿ ಹೆಂಗಸ್ರು ಲೇಟಾಗಿ ಬಂದು, ಸೀರೆ ಮಡಿಕೆ ಬಿಚ್ಚೋ ಮುಂಚೆ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋದ್ರು. ನೀನು ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದೆ, ನಿನ್ನ ಮುಖ ನೋಡಿ ಹೋದ್ರು ಅಂದ್ಕೊಂಡೆ."

ಹೋಟೆಲಿನವರ ಇಡ್ಲಿ ಉಳಿದಿತ್ತು. ಬೆಲ್ಲದವರ ಗಾಡಿ ಹಿರೇಕೆರೂರಿನ ದಾರಿ ಹಿಡಿದಿತ್ತು. ಸದಾಶಿವಪ್ಪನವರ ಮೆಣಸಿನಕಾಯಿ ಕೊಳ್ಳಲು ದಾವಣಗೆರೆಯಿಂದ ಬಂದವರು ಕಾದು ಕಾದು ಎಂಟು ಚೀಲ ಕಡಿಮೆ ಕೊಂಡು ಹೋಗಿದ್ದರು. ಸದಾಶಿವಪ್ಪನವರು ಆ ವಾರವೆಲ್ಲ ತಮ್ಮ ಹೊಸ ಗುಮಾಸ್ತನ ಕಾಲ್ಗುಣವನ್ನು ಶಪಿಸಿದ್ದರು. ಪ್ರತಿಯೊಬ್ಬರಿಗೂ ಆದ ನಷ್ಟ ಸಣ್ಣದು, ಸಣ್ಣದೆಂದೇ ತಮ್ಮ ತಮ್ಮ ಹಣೆಬರಹವೆಂದುಕೊಂಡು ನುಂಗಿದ್ದರು. ಇಪ್ಪತ್ತೈದು ಹಣೆಬರಹಗಳೂ ಒಂದೇ ಏರಿಯ ಮೇಲೆ ನಿಂತಿದ್ದವು ಎಂದು ಅವತ್ತೇ ಗೊತ್ತಾದದ್ದು.

ಮಹಾಂತೇಶ್ ಕ್ಯಾಲ್ಕುಲೇಟರ್ ತೆಗೆದ. ಒಬ್ಬೊಬ್ಬರೂ ಹೇಳಿದ್ದನ್ನು ಒತ್ತುತ್ತ ಹೋದ. ಲೆಕ್ಕದ ಮುಂದೆ ಹಟ ಹಿಡಿಯುವವನಲ್ಲ ಅವನು.

"ತುಂಗಕ್ಕನ ಎಲೆ?" ಎಂದ ಉಜ್ಜಪ್ಪ. "ಅವ್ಳು ಏಳು ಕಿಲೋಮೀಟ್ರು ನಡ್ಕೊಂಡು ಹೋದ್ಳು ರೀ."

"ಅವ್ರು ಸದಸ್ಯರಾ?"

"ಅಲ್ಲ ರೀ."

ಕ್ಯಾಲ್ಕುಲೇಟರಿನ ಮೇಲಿನ ಬೆರಳು ಒಂದು ಗಳಿಗೆ ತಡೆಯಿತು, ಆಮೇಲೆ ಮುಂದಕ್ಕೆ ಹೋಯಿತು.

"ಹತ್ತೊಂಬತ್ತು ಸಾವಿರದ ಮುನ್ನೂರು ರೂಪಾಯಿ" ಎಂದ ಮಹಾಂತೇಶ್. ಮತ್ತೊಮ್ಮೆ ಕೂಡಿದ. ಅಷ್ಟೇ ಬಂತು. "ಉಜ್ಜಪ್ಪನವ್ರ ಎರಡೂವರೆ ವರ್ಷದ ಸಂಬಳಕ್ಕಿಂತ ಜಾಸ್ತಿ. ಒಂದೂವರೆ ಗಂಟೇಲಿ. ನನ್ನ ಅಭಿಪ್ರಾಯ ವಾಪಸ್ ತಗೊಳ್ತೀನಿ. ಕೆಲಸ ಮುಂದುವರೀಬೇಕು."

ಉಜ್ಜಪ್ಪನ ಕಿವಿಯಲ್ಲಿ ಕಹಳೆ ಮೊಳಗಿದಂತಾಯಿತು. ಆಗದೇ ಇದ್ದದ್ದು ಕೊನೆಗೂ ಕಣ್ಣಿಗೆ ಕಂಡಿತ್ತು, ಅದೂ ಅಂಕಿಯಲ್ಲಿ. ಕಹಳೆ ಇನ್ನೂ ಮೊಳಗುತ್ತಿರುವಾಗಲೇ ಸದಾಶಿವಪ್ಪನವರು ಶಲ್ಯ ಹೊದ್ದುಕೊಂಡು ಮುಂದಕ್ಕೆ ಬಾಗಿದರು.

"ಕೆಲಸ ಬೇಕು ಅನ್ನೋದ್ರಲ್ಲಿ ಎರಡು ಮಾತಿಲ್ಲ. ಇವನಿಲ್ದೆ ಎಷ್ಟು ನಷ್ಟ ಅಂತ ಗೊತ್ತಾಯ್ತು. ಆ ನಷ್ಟ ಮಾಡಿದ್ದು ಯಾರು ಅಂತಾನೂ ಗೊತ್ತಾಯ್ತಲ್ಲ?"

ಇಪ್ಪತ್ತೈದು ತಲೆಗಳು ಬಾಗಿಲ ಕಡೆ ತಿರುಗಿದವು.

"ಬೇಕಂತ್ಲೇ ಕೂತೆ ಅಂತ ನೀನೇ ಹೇಳಿದೀಯ, ಉಜ್ಜಪ್ಪ. ಹತ್ತೊಂಬತ್ತು ಸಾವಿರ ನಿನ್ನ ಕೈಲಿ ಕೊಡಾಕಾಗಲ್ಲ, ನಾವೂ ಕೇಳಲ್ಲ. ಮೂರು ತಿಂಗಳ ಸಂಬಳ ಹಿಡೀತೀವಿ. ಪೆಟ್ರೋಲು ಕೊಡ್ತೀವಿ. ಸರಿನಾ?"

"ಅಧ್ಯಕ್ಷರೇ, ಅದು…" ಎಂದು ಬಾಯಿ ತೆರೆದವನು ಮಹಾಂತೇಶ್. ಅವನ ಅಪ್ಪ ಕಣ್ಣಲ್ಲೇ ಕೂರಿಸಿದರು.

ಉಜ್ಜಪ್ಪ ಎದ್ದು ನಿಂತ. ಬೇಡ ಎಂದರೆ ಜೀಪು, ಗ್ಯಾರೇಜು, ಎಲ್ಲ ಮತ್ತೆ ಮೊದಲಿನಂತೆ. ಹೂಂ ಎಂದರೆ ಏರಿ ತನ್ನದಾಗಿ ಉಳಿಯುತ್ತದೆ. "ಸರಿ ಸಾವ್ಕಾರ್ರೆ" ಎಂದ. ಹೊರಬರುವಾಗ ಯಾರೋ ಬೆನ್ನು ತಟ್ಟಿದರು. ಶಹಬಾಸ್ ಎಂದು ತಟ್ಟಿದ್ದೋ ಇನ್ನೊಮ್ಮೆ ಹೀಗೆ ಮಾಡಬೇಡ ಎಂದು ತಟ್ಟಿದ್ದೋ ಗೊತ್ತಾಗಲಿಲ್ಲ.

ಸಂಜೆ ಊಟಕ್ಕೆ ಕೂತಾಗ ರಾಜೇಶ್ವರಮ್ಮ ತಡೆಯಲಾರದೆ ಕೇಳಿದಳು. "ಏನಂದ್ರು?"

"ಕೆಲಸ ಉಳೀತು."

"ಹೇಳಿಲ್ವಾ ನಾನು!"

"ಮೂರು ತಿಂಗಳು ಸಂಬಳ ಇಲ್ಲ. ನಾನು ಮನೇಲಿ ಕೂತಿದ್ದಕ್ಕೆ ಹತ್ತೊಂಬತ್ತು ಸಾವಿರ ನಷ್ಟ ಆಯ್ತಂತೆ."

ಅವಳ ಕೈಯ ಸೌಟು ಗಾಳಿಯಲ್ಲೇ ನಿಂತಿತು. "ಹತ್ತೊಂಬತ್ತು ಸಾವಿರಾನಾ? ಒಂದೂವರೆ ಗಂಟೆ ಕೂತಿದ್ದಕ್ಕೆ? ಇಪ್ಪತ್ತು ವರ್ಷದಿಂದ ಈ ಮನೇಲಿ ಕೂತಿದೀರಲ್ರೀ, ಇಷ್ಟು ದುಬಾರಿ ಅಂತ ಒಬ್ರಾದ್ರೂ ನನಗೆ ಹೇಳಬಾರ್ದಾ?"

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಅವಳು ಸಾರು ಬಡಿಸಿದಳು, ಅರ್ಧ ಸೌಟು ಕಡಿಮೆ, ಈಗಿನಿಂದಲೇ. ಮನೆಯಲ್ಲಿ ಕೂರುವ ಯೋಚನೆ ತನ್ನದಾಗಿತ್ತೆಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು, ಬಾಯಲ್ಲಿ ಬರಲಿಲ್ಲ.

"ಮೂರು ತಿಂಗಳು ಏನ್ ಮಾಡೋದು?" ಎಂದಳು.

"ಮಧ್ಯಾಹ್ನದ ಮೇಲೆ ಗ್ಯಾರೇಜಿಗೆ ಹೋಗ್ತೀನಿ. ಲಾರಿ ಕೆಳಗೆ ಮಲಗೋರು ಬೇಕಂತಿದ್ರು."

"ಮಂಡಿ?"

"ಮಲಗಾಕೆ ಮಂಡಿ ಏನೂ ಬೇಕಾಗಲ್ಲ ಕಣೇ" ಎಂದ ಉಜ್ಜಪ್ಪ. "ಏಳಾಕೆ ಮಾತ್ರ ಬೇಕು."

ಈ ಸಲ ಅವಳು ನಗಲಿಲ್ಲ.